ತೀರ್ಥಹಳ್ಳಿಯಿಂದ ಮಲ್ಪೆಗೆ ಜೋಡಿ ಸೈಕಲ್: ಚಿತ್ತೆ ಮಳೆಯ ದಿನಕ್ಕೊಂದು ಸಮಗ್ರ ಮಾರ್ಗದರ್ಶಿ

ಅಕ್ಟೋಬರ್ ನಡುವಿನಲ್ಲಿ ಮಲೆನಾಡಿನ ಆಕಾಶವನ್ನು ನಂಬುವ ಹಾಗಿಲ್ಲ. ಬೆಳಿಗ್ಗೆ ಮಂಜು, ಹತ್ತು ಗಂಟೆಗೆ ಚುರುಕು ಬಿಸಿಲು, ಮಧ್ಯಾಹ್ನ ಗುಡುಗು. 'ಕುರುಡು ಚಿತ್ತೆ ಎರಚಿದತ್ತ ಬೆಳೆ' ಅಂತ ಹಿರಿಯರು ಹೇಳಿದ್ದು ಸುಮ್ನೆ ಅಲ್ಲ. ಈ ಮಳೆ ಒಂದು ಗದ್ದೆಗೆ ಸುರಿದು ಪಕ್ಕದ ಗದ್ದೆಯನ್ನು ಹಾಗೇ ಬಿಟ್ಟು ಹೋಗುತ್ತದೆ. ಆದರೂ ದೂರದ ಸೈಕಲ್ ಪ್ರಯಾಣಕ್ಕೆ ನನಗೆ ಇದಕ್ಕಿಂತ ಇಷ್ಟದ ಕಾಲ ಇನ್ನೊಂದಿಲ್ಲ. ಜಡಿಮಳೆ ಮುಗಿದಿರುತ್ತದೆ, ಹಳ್ಳಗಳಲ್ಲಿ ಇನ್ನೂ ನೀರಿರುತ್ತದೆ, ಗದ್ದೆಗಳಲ್ಲಿ ಭತ್ತ ಹೊಡೆ ಬಿಚ್ಚುತ್ತಿರುತ್ತದೆ.

ನಾನೂ ನಮ್ಮವರೂ ಈ ಕಾಲದಲ್ಲಿ ಹಲವು ಸಲ ತುಳಿದ ದಾರಿ ಒಂದಿದೆ. ತೀರ್ಥಹಳ್ಳಿ, ಆಗುಂಬೆ, ಘಾಟಿ ಇಳಿದು ಸೋಮೇಶ್ವರ, ಹೆಬ್ರಿ, ಪೆರ್ಡೂರು, ಹಿರಿಯಡ್ಕ, ಮಣಿಪಾಲ, ಉಡುಪಿ, ಕೊನೆಗೆ ಮಲ್ಪೆ ಕಡಲು. ಎಲ್ಲಾ ಸೇರಿ 90 ಕಿ.ಮೀ. ಆಸುಪಾಸು. ರಾಷ್ಟ್ರೀಯ ಹೆದ್ದಾರಿ 169ಎ ಹಿಡಿದು ಹೋದರೆ ಸಾಕು, ದಾರಿ ತಪ್ಪುವ ಭಯವಿಲ್ಲ. ಆದರೆ ಒಂದೇ ದಿನದಲ್ಲಿ ಮೂರು ಬಗೆಯ ಹವೆ ಎದುರಾಗುತ್ತದೆ. ಮೊದಲ ಸಲ ಇಬ್ಬರೇ ಹೊರಡುವವರಿಗೆ ಅನುಕೂಲವಾಗಲಿ ಅಂತ ಹಿಂದಿನ ಸಂಜೆಯಿಂದ ಮಾರನೇ ರಾತ್ರಿವರೆಗೆ ನಾವು ಮಾಡುವುದನ್ನೆಲ್ಲ ಇಲ್ಲಿ ಬರೆದಿದ್ದೇನೆ.

ಎಲ್ಲಕ್ಕಿಂತ ಮೊದಲು: ಇಬ್ಬರೂ ಒಂದು ಮಾತಿಗೆ ಬನ್ನಿ

ನಾವು ಮೊದಲ ಸಲ ಘಾಟಿ ಇಳಿದಾಗ ಮೇಲಿನ ತಿರುವುಗಳಲ್ಲೇ ಮಳೆ ಹಿಡಿಯಿತು. ಇಳಿಜಾರಿನಲ್ಲಿ ಪೆಡಲ್ ತುಳಿಯುವ ಕೆಲಸ ಇಲ್ಲ, ಮೈ ಬಿಸಿಯಾಗುವುದಿಲ್ಲ. ಎದುರಿಗೆ ಗಾಳಿ, ಮೈಗೆ ಅಂಟಿದ ಒದ್ದೆ ಹತ್ತಿ ಅಂಗಿ. ನಮ್ಮವರು ಒಂದು ಮಾತೂ ಆಡದೆ ಮುಂದೆ ಹೋಗುತ್ತಿದ್ದರು. ಒಂದು ತಿರುವಿನ ಬದಿಯಲ್ಲಿ ನಿಂತಾಗ ನೋಡಿದರೆ ಅವರ ಬೆರಳುಗಳು ಬೆಳ್ಳಗೆ ಸುಕ್ಕುಗಟ್ಟಿದ್ದವು. ಬ್ರೇಕ್ ಹಿಡಿ ಅದುಮಲು ಎರಡು ಬೆರಳು ಸಾಲದೆ ನಾಲ್ಕೂ ಹಾಕಿದ್ದರು. ಕೈಗವಸು ಬಿಚ್ಚಿ ಹಿಂಡಿದರೆ ಅರ್ಧ ಲೋಟ ನೀರು ಬಂತು. "ಯಾಕ್ರೀ ಹೇಳಲಿಲ್ಲ?" ಅಂದೆ. "ನೀನು ಚೆನ್ನಾಗಿ ಬರ್ತಾ ಇದ್ದೆಯಲ್ಲ, ಯಾಕೆ ನಿಲ್ಲಿಸೋದು ಅಂತ" ಅಂದರು.

ಗಂಡ ಹೆಂಡತಿ ಜೊತೆಗೆ ಹೋದಾಗ ಇದೇ ದೊಡ್ಡ ಅಪಾಯ. ಇಬ್ಬರೂ ಒಬ್ಬರಿಗಾಗಿ ಇನ್ನೊಬ್ಬರು ಸುಮ್ಮನಿರುತ್ತಾರೆ. ಅವತ್ತಿನಿಂದ ನಮ್ಮಲ್ಲಿ ಒಂದು ಕಟ್ಟಳೆ: ಯಾರಿಗೆ ಮೊದಲು ಚಳಿಯಾಯಿತೋ, ಯಾರಿಗೆ ಮೊದಲು ಸುಸ್ತಾಯಿತೋ, ಅವತ್ತಿನ ತೀರ್ಮಾನ ಅವರದ್ದು. ಅವರು ನಿಲ್ಲೋಣ ಅಂದರೆ ನಿಲ್ಲುವುದು. ಬಸ್ ಹತ್ತೋಣ ಅಂದರೆ ಹತ್ತುವುದು. ಯಾಕೆ ಅಂತ ಕೇಳುವ ಹಾಗಿಲ್ಲ, ಊರಿಗೆ ಬಂದ ಮೇಲೆ ಎತ್ತಿ ಆಡುವ ಹಾಗೂ ಇಲ್ಲ. ಮನೆಯಲ್ಲಿ ಕಾಫಿ ಕುಡಿಯುತ್ತಾ ಮಾತಾಡಿಕೊಂಡರೆ ಇದು ಸುಲಭ. ಮಳೆಯಲ್ಲಿ ನಿಂತು ಮಾತಾಡಲು ಹೋದರೆ ಜಗಳವಾಗುತ್ತದೆ.

ಇದರ ಜೊತೆಗೆ ಸೀಟಿಯ ಭಾಷೆಯೂ ಬೇಕು. ಮಳೆಯಲ್ಲಿ ಕೂಗಿದ್ದು ಇಪ್ಪತ್ತು ಅಡಿ ಆಚೆ ಕೇಳುವುದಿಲ್ಲ. ಇಬ್ಬರ ಕೊರಳಲ್ಲೂ ಒಂದೊಂದು ಸೀಟಿ ಇರಲಿ. ಒಂದು ಸಲ ಊದಿದರೆ 'ನಿಲ್ಲು', ಎರಡು ಸಲ ಊದಿದರೆ 'ಹಿಂದೆ ದೊಡ್ಡ ಗಾಡಿ ಬರ್ತಿದೆ', ಬಿಡದೆ ಊದಿದರೆ 'ಬಿದ್ದಿದ್ದೇನೆ, ಬಾ'. ಮೂರೇ ಸಾಕು. ಜಾಸ್ತಿ ಮಾಡಿದರೆ ನೆನಪಿರುವುದಿಲ್ಲ.

ಹಿಂದಿನ ಸಂಜೆ: ಆಕಾಶ, ಸೈಕಲ್, ಚೀಲ

ಹವಾಮಾನ ಇಲಾಖೆಯ ಜಿಲ್ಲಾವಾರು ಮುನ್ಸೂಚನೆ ನೋಡಿ. ಶಿವಮೊಗ್ಗ, ಉಡುಪಿ ಎರಡೂ ಜಿಲ್ಲೆ ನೋಡಬೇಕು, ಯಾಕೆಂದರೆ ಘಾಟಿಯಲ್ಲೇ ಜಿಲ್ಲೆ ಬದಲಾಗುತ್ತದೆ. ಇಲಾಖೆಯ ಲೆಕ್ಕದಲ್ಲಿ ಒಂದು ದಿನಕ್ಕೆ 64.5 ಮಿ.ಮೀ. ದಾಟಿದರೆ ಅದು ಭಾರಿ ಮಳೆ, 115.6 ದಾಟಿದರೆ ಅತಿ ಭಾರಿ. ಆರೆಂಜ್ ಅಥವಾ ರೆಡ್ ಅಲರ್ಟ್ ಇದ್ದರೆ ಹೊರಡಬೇಡಿ. ಯೆಲ್ಲೋ (ಹಳದಿ) ಅಲರ್ಟ್ ಇದ್ದರೆ ನಾವು ಆಗುಂಬೆವರೆಗೆ ಹೋಗಿ ಅಲ್ಲಿ ಮತ್ತೆ ಯೋಚಿಸುತ್ತೇವೆ. ಸಿಡಿಲಿನ ಎಚ್ಚರಿಕೆಗೆ 'ದಾಮಿನಿ' ಆ್ಯಪ್ ಇಬ್ಬರ ಫೋನಲ್ಲೂ ಇರಲಿ. ಘಾಟಿಯಲ್ಲಿ ನೆಟ್‌ವರ್ಕ್ ನಂಬಬೇಡಿ, ನಕ್ಷೆಯನ್ನು ಮೊದಲೇ ಇಳಿಸಿಕೊಳ್ಳಿ.

ಸೈಕಲ್‌ನಲ್ಲಿ ನಿಜಕ್ಕೂ ಗಮನ ಕೊಡಬೇಕಾದ್ದು ಬ್ರೇಕಿಗೆ. ರಬ್ಬರ್ ಬ್ರೇಕ್ ಶೂ ಇದ್ದರೆ ಬೆರಳಿನಿಂದ ಮುಟ್ಟಿ ನೋಡಿ. ಅದರಲ್ಲಿರುವ ಗೀರುಗಳು ಸವೆದು ಮಾಯವಾಗಿದ್ದರೆ ಹೊಸದು ಹಾಕಿಸಿ. ಸಣ್ಣ ಕಲ್ಲಿನ ಚೂರೋ ಲೋಹದ ಚೂರೋ ಸಿಕ್ಕಿಕೊಂಡಿದ್ದರೆ ಪಿನ್ನಿನಿಂದ ಕಿತ್ತು ತೆಗೆಯಿರಿ, ಇಲ್ಲದಿದ್ದರೆ ರಿಮ್ಮನ್ನೇ ಕೊರೆಯುತ್ತದೆ. ಡಿಸ್ಕ್ ಬ್ರೇಕ್ ಮಳೆಗೆ ವಾಸಿ, ಆದರೆ ಅದರ ಪ್ಯಾಡ್ ಸಹ ಮಳೆಯ ಕೆಸರಿನಲ್ಲಿ ಬೇಗ ಸವೆಯುತ್ತದೆ. ಟೈರಿನ ಗಾಳಿ ಕೊಂಚ ಇಳಿಸಿ. 32 ಮಿ.ಮೀ. ಟೈರಿಗೆ ನಾವು ದಿನಾ 60 ಪಿಎಸ್‌ಐ ಹಾಕುತ್ತೇವೆ, ಮಳೆಯ ದಿನ 50ರಿಂದ 55. ಹಿಡಿತ ಚೆನ್ನಾಗಿರುತ್ತದೆ. ಮಡ್‌ಗಾರ್ಡ್ ಎರಡೂ ಚಕ್ರಕ್ಕೆ ಬೇಕು, ಹಿಂದಿನದು ಉದ್ದ ಇರಲಿ. ಅದು ನಿಮಗಿಂತ ಹೆಚ್ಚಾಗಿ ನಿಮ್ಮ ಹಿಂದೆ ಬರುವವರಿಗೆ. ಹಿಂದಿನ ಕೆಂಪು ದೀಪ ಹಗಲಲ್ಲೂ ಮಿಣುಕುತ್ತಿರಬೇಕು.

ಚೀಲ ಹಂಚಿಕೊಳ್ಳುವುದರಲ್ಲಿ ಎರಡು ಮಾತು. ಶಕ್ತಿ ಜಾಸ್ತಿ ಇರುವವರು ಭಾರ ಜಾಸ್ತಿ ಹೊತ್ತರೆ ಇಬ್ಬರ ವೇಗ ತಾನಾಗೇ ಒಂದಕ್ಕೊಂದು ಹೊಂದುತ್ತದೆ. ಬಟ್ಟೆ, ಬೀಗ, ದೊಡ್ಡ ಸಾಮಾನು ಅವರ ಕ್ಯಾರಿಯರಿಗೆ ಹೋಗಲಿ. ಆದರೆ ಟ್ಯೂಬ್, ಪಂಪು, ಟೈರ್ ಬಿಚ್ಚುವ ಲಿವರ್, ಸ್ವಲ್ಪ ದುಡ್ಡು, ಫೋನು, ತಿನ್ನಲು ಏನಾದರೂ ಇಬ್ಬರ ಹತ್ತಿರವೂ ಬೇರೆ ಬೇರೆ ಇರಬೇಕು. ಒಮ್ಮೆ ಇದ್ದೊಂದು ಪಂಪು ಅವರ ಚೀಲದಲ್ಲಿತ್ತು. ಗುಡ್ಡೇಕೇರಿ ಹತ್ತಿರ ನನ್ನ ಹಿಂದಿನ ಚಕ್ರ ಪಂಕ್ಚರ್ ಆಯಿತು. ಅವರು ಮೂರು ಕಿ.ಮೀ. ಮುಂದೆ. ಮಳೆಯಲ್ಲಿ ಸೈಕಲ್ ತಳ್ಳಿಕೊಂಡು ನಡೆದ ಆ ಅರ್ಧ ಗಂಟೆ ನನಗೆ ಇನ್ನೂ ನೆನಪಿದೆ.

ಚೀಲಕ್ಕೆ ಮಳೆ ಕವರ್ ಹಾಕಿದರೂ ಒಳಗಿನ ಬಟ್ಟೆಯನ್ನು ದಪ್ಪ ಪ್ಲಾಸ್ಟಿಕ್ ಕವರಲ್ಲಿ ಕಟ್ಟಿಯೇ ಇಡಿ. ಒಂದು ಜೊತೆ ಒಣಬಟ್ಟೆಯನ್ನು ಪೂರ್ತಿ ಬೇರೆಯಾಗಿ ಕಟ್ಟಿ, ಮಲ್ಪೆ ತಲುಪುವ ತನಕ ಬಿಚ್ಚಬೇಡಿ. ದಾರಿಯಲ್ಲಿ ಬದಲಾಯಿಸಲು ಬೇಕಾದರೆ ಅದು ಬೇರೆ ಕಟ್ಟು.

ಏನು ತೊಡಬೇಕು

ಹತ್ತಿ ಬೇಡ. ಒದ್ದೆಯಾದ ಹತ್ತಿ ನೀರನ್ನು ಹಿಡಿದಿಟ್ಟುಕೊಂಡು ಮೈಯ ಬಿಸಿಯನ್ನೆಲ್ಲ ಎಳೆದುಬಿಡುತ್ತದೆ. ಸ್ಪೋರ್ಟ್ಸ್ ಅಂಗಡಿಯಲ್ಲಿ ಸಿಗುವ ಪಾಲಿಯೆಸ್ಟರ್ ಟೀ ಶರ್ಟ್ ಸಾಕು, ಬೇಗ ಒಣಗುತ್ತದೆ. ತೆಳ್ಳನೆ ಉಣ್ಣೆಯದು ಸಿಕ್ಕರೆ ಇನ್ನೂ ಒಳ್ಳೆಯದು. ಒದ್ದೆಯಾದರೂ ಬೆಚ್ಚಗಿಡುತ್ತದೆ. ನಮ್ಮ ಅಜ್ಜಂದಿರು ನಾಟಿ ಗದ್ದೆಯಲ್ಲಿ ಕಂಬಳಿ ಕೊಪ್ಪೆ ಹಾಕಿಕೊಂಡು ದಿನವಿಡೀ ಇರುತ್ತಿದ್ದದ್ದು ಇದೇ ಗುಣಕ್ಕೆ.

ಮೇಲೆ ಮಳೆ ಜಾಕೆಟ್. ಬೈಕಿನವರು ಹಾಕುವ ದಪ್ಪ ರೇನ್‌ಕೋಟ್ ಏರಿನಲ್ಲಿ ಬೇಯಿಸಿಬಿಡುತ್ತದೆ, ಒಳಗೆ ಬೆವರಲ್ಲೇ ನೆನೆಯುತ್ತೀರಿ. ತಲೆಯ ಮೇಲಿಂದ ಇಳಿಬಿಡುವ ಪೊಂಚೊ ಗಾಳಿಗೆ ಹಾಯಿಯ ಹಾಗೆ ಉಬ್ಬುತ್ತದೆ, ಘಾಟಿಗೆ ಆಗದು. ಕಂಕುಳ ಕೆಳಗೆ ಜಿಪ್ ಇರುವ ತೆಳು ಜಾಕೆಟ್ ನೋಡಿ ಕೊಳ್ಳಿ, ಬಣ್ಣ ಹಳದಿಯೋ ಕಿತ್ತಳೆಯೋ ಇರಲಿ. ಹೆಲ್ಮೆಟ್ ಕೆಳಗೆ ಮುಂದೆ ಚೂಪು ಇರುವ ತೆಳು ಟೋಪಿ ಹಾಕಿದರೆ ಹನಿ ಕಣ್ಣಿಗೆ ಹೊಡೆಯುವುದಿಲ್ಲ. ಕನ್ನಡಕದವರಿಗೆ ಇದು ದೊಡ್ಡ ಉಪಕಾರ.

ಎರಡು ಹಳೇ ದಿನಪತ್ರಿಕೆ ಕಟ್ಟಿಕೊಳ್ಳಿ. ಉಪಯೋಗ ಮುಂದೆ ಹೇಳುತ್ತೇನೆ.

ಬೆಳಿಗ್ಗೆ 6ರಿಂದ 9: ತೀರ್ಥಹಳ್ಳಿಯಿಂದ ಆಗುಂಬೆ

ಬೆಳಕು ಹರಿದ ಕೂಡಲೇ ಹೊರಡಿ. ಈ ಕಾಲದ ಗುಡುಗು ಮಳೆ ಸಾಮಾನ್ಯವಾಗಿ ಮಧ್ಯಾಹ್ನದ ಮೇಲೆ ಬರುತ್ತದೆ. ಬಿಸಿಲಿಗೆ ನೆಲ ಕಾದು, ಕಡಲ ಕಡೆಯ ತೇವ ಮೇಲೆದ್ದು, ಘಾಟಿಯ ಗೋಡೆಗೆ ತಾಗಿ ಮೋಡ ಕಟ್ಟಲು ಅಷ್ಟು ಹೊತ್ತು ಬೇಕು. ಹಾಗಾಗಿ ಬೆಳಗಿನ ಒಂದು ಗಂಟೆ ಮಧ್ಯಾಹ್ನದ ಎರಡು ಗಂಟೆಗೆ ಸಮ.

ಆಗುಂಬೆಗೆ ಸುಮಾರು 30 ಕಿ.ಮೀ. ದೊಡ್ಡ ಏರಿಲ್ಲ, ಆದರೆ ಸಪಾಟೂ ಅಲ್ಲ. ಮೇಗರವಳ್ಳಿ, ಗುಡ್ಡೇಕೇರಿ ದಾಟುತ್ತಾ ಸಣ್ಣ ಏರು, ಸಣ್ಣ ಇಳಿತ. ಹಗುರ ಗೇರಿನಲ್ಲಿ, ಮಾತಾಡಲು ಆಗುವಷ್ಟು ವೇಗದಲ್ಲಿ ಹೋಗಿ. ನಿಧಾನ ಹೋಗುವವರು ಮುಂದೆ ಇರಲಿ. ವೇಗದವರು ಮುಂದೆ ಹೋದರೆ ಹಿಂದಿನವರು ದಿನವಿಡೀ ಬೆನ್ನಟ್ಟುತ್ತಲೇ ಇರಬೇಕಾಗುತ್ತದೆ. ಮಂಜು ದಟ್ಟವಾದರೆ ಮಾತ್ರ ಪ್ರಖರ ದೀಪ ಇರುವವರು ಹಿಂದೆ ಬನ್ನಿ.

ಮಂಜಿನಲ್ಲಿ ಬಾಯಾರಿಕೆ ಗೊತ್ತಾಗುವುದಿಲ್ಲ. ಆದರೂ ಗಂಟೆಗೆ ಅರ್ಧ ಲೀಟರ್ ನೀರು ಹೋಗಬೇಕು. ಮುಕ್ಕಾಲು ಗಂಟೆಗೊಮ್ಮೆ ಬಾಳೆಹಣ್ಣೋ ಚಿಕ್ಕಿಯೋ ತಿನ್ನಿ. ಹಸಿದವರಿಗೆ ಚಳಿ ಬೇಗ ಹತ್ತುತ್ತದೆ.

ಹನಿ ಶುರುವಾದರೆ? ಮೂರನೇ ಹನಿಗೇ ನಿಂತು ಜಾಕೆಟ್ ಹಾಕಿ. 'ಸಣ್ಣ ಹನಿ, ಈಗ ಬಿಡುತ್ತೆ' ಅಂತ ತುಳಿಯುತ್ತಾ ಹೋದರೆ ಒಳಗೆಲ್ಲ ನೆನೆದ ಮೇಲೆ ಜಾಕೆಟ್ ಹಾಕಿ ಏನೂ ಉಪಯೋಗವಿಲ್ಲ. ಮಳೆ ಹೊಳವಾದ ಕೂಡಲೇ ಬಿಚ್ಚಿ. ಹಾಕುವುದು, ಬಿಚ್ಚುವುದು ಬೇಜಾರಿನ ಕೆಲಸ, ನಿಜ. ಆದರೆ ಈ ದಿನದ ಅರ್ಧ ಜಾಣತನ ಅದರಲ್ಲೇ ಇದೆ.

ರಸ್ತೆ ಬದಿಯ ಹುಲ್ಲಿಗೆ ಇಳಿದು ನಿಂತರೆ ಇಂಬಳ (ಜಿಗಣೆ) ಹತ್ತುತ್ತದೆ. ಡಾಂಬರಿನ ಅಂಚಲ್ಲೇ ನಿಲ್ಲಿ. ಹತ್ತಿದರೆ ಎಳೆದು ಕೀಳಬೇಡಿ. ಉಪ್ಪು ಅಥವಾ ಸುಣ್ಣ ಮುಟ್ಟಿಸಿದರೆ ಉದುರುತ್ತದೆ. ಒಂದು ಸಣ್ಣ ಡಬ್ಬಿ ಉಪ್ಪು ಹ್ಯಾಂಡಲ್ ಚೀಲದಲ್ಲಿರಲಿ.

ಆಗುಂಬೆಯಲ್ಲಿ: ಇಳಿಯುವುದೋ ಬೇಡವೋ

ವರ್ಷಕ್ಕೆ 7,000 ಮಿ.ಮೀ.ಗಿಂತ ಜಾಸ್ತಿ ಮಳೆ ಕಾಣುವ ಊರು ಇದು. ಕಡಲಿಂದ ಬರುವ ಮೋಡಕ್ಕೆ ಸಿಗುವ ಮೊದಲ ಅಡ್ಡಗೋಡೆ. ಹಾಗಾಗಿ ಇಲ್ಲಿ ಮಳೆ ಇದೆ ಅಂದರೆ ಕೆಳಗೂ ಇದೆ ಅಂತ ಅರ್ಥವಲ್ಲ. ಎಷ್ಟೋ ಸಲ ಇಲ್ಲಿ ಹತ್ತು ಅಡಿ ಕಾಣದ ಮಂಜು, ಹೆಬ್ರಿಯಲ್ಲಿ ರಣಬಿಸಿಲು.

ಕುಳಿತು ಬಿಸಿ ದೋಸೆ ತಿನ್ನಿ, ಕಷಾಯ ಕುಡಿಯಿರಿ. ಕೆಳಗಿನಿಂದ ಬಂದ ಚಾಲಕರನ್ನು ಕೇಳಿ, 'ಘಾಟಿ ಹೇಗಿದೆ ಅಣ್ಣಾ?' ಅಂತ. ಮರ ಬಿದ್ದಿದೆಯೋ, ಮಣ್ಣು ಜಾರಿದೆಯೋ, ಮಂಜು ಎಲ್ಲಿಯ ತನಕ ಇದೆಯೋ ಅವರಿಗಿಂತ ಚೆನ್ನಾಗಿ ಯಾರಿಗೂ ಗೊತ್ತಿರುವುದಿಲ್ಲ. ಘಾಟಿ ಹಿಡಿದ ಮೇಲೆ ಸೋಮೇಶ್ವರದ ತನಕ ತಲೆ ಮೇಲೆ ಸೂರು ಸಿಗುವುದಿಲ್ಲ, ಹಾಗಾಗಿ ತೀರ್ಮಾನ ಇಲ್ಲೇ ಆಗಬೇಕು.

ಗುಡುಗು ಕೇಳುತ್ತಿದ್ದರೆ ಇಳಿಯಬೇಡಿ. ಮಂಜಿನಲ್ಲಿ ನಿಮ್ಮ ಜೋಡಿ ಮೂವತ್ತು ಹೆಜ್ಜೆ ದೂರದಲ್ಲಿ ಕಾಣದಿದ್ದರೆ ಇಳಿಯಬೇಡಿ, ಯಾಕೆಂದರೆ ಬಸ್ಸಿನವನಿಗೂ ನೀವು ಕಾಣುವುದಿಲ್ಲ. ಇಬ್ಬರಲ್ಲಿ ಒಬ್ಬರಿಗೆ ಆಗಲೇ ನಡುಕ ಇದ್ದರೆ ಇಳಿಯಬೇಡಿ. ಬರೀ ಮಳೆ ಆದರೆ, ಬ್ರೇಕ್ ಸರಿಯಿದ್ದರೆ, ಇಳಿಯಬಹುದು. ಒಮ್ಮೆ ನಾವು ಇಲ್ಲಿ ಮೂರು ತಾಸು ಕಾದು ತೀರ್ಥಹಳ್ಳಿಗೆ ವಾಪಸ್ ಹೋದೆವು. ದಿನ ಹಾಳಾಯಿತು ಅಂತ ಇಬ್ಬರಿಗೂ ಅನ್ನಿಸಲಿಲ್ಲ.

ಘಾಟಿ: ಹದಿನಾಲ್ಕು ತಿರುವು

ಸುಮಾರು ಹತ್ತು ಕಿ.ಮೀ. ಒಳಗೆ 500 ಮೀಟರಿನಷ್ಟು ಇಳಿಯುತ್ತೀರಿ. ತಿರುವುಗಳು ಬಹಳ ಕಡಿದು, ಹೇರ್‌ಪಿನ್ನೇ. ಹದಿನಾಲ್ಕು ಇವೆ.

ಹೊರಡುವ ಮೊದಲು ದಿನಪತ್ರಿಕೆ ತೆಗೆಯಿರಿ. ನಾಲ್ಕು ಹಾಳೆ ಮಡಚಿ ಅಂಗಿಗೂ ಜಾಕೆಟ್ಟಿಗೂ ನಡುವೆ ಎದೆಯ ಮೇಲೆ ಇಟ್ಟು ಜಿಪ್ ಎಳೆಯಿರಿ. ಗಾಳಿ ಒಳಗೆ ಬರುವುದಿಲ್ಲ. ನಂಬಲು ಕಷ್ಟ, ಮಾಡಿ ನೋಡಿ. ಒದ್ದೆ ಕೈಗವಸು ತೆಗೆದು ಒಣಗಿದ್ದು ಹಾಕಿ. ಇನ್ನೊಂದು ಜೊತೆ ಇಲ್ಲದಿದ್ದರೆ ಅಡುಗೆಮನೆಯ ರಬ್ಬರ್ ಗ್ಲೌಸ್ ಸಹ ಆಗುತ್ತದೆ.

ಈಗ ಬ್ರೇಕ್. ಒದ್ದೆ ರಿಮ್ಮಿನ ಮೇಲೆ ಮೊದಲು ಅದುಮಿದಾಗ ಬ್ರೇಕ್ ಹಿಡಿಯುವುದಿಲ್ಲ. ಚಕ್ರ ಒಂದೆರಡು ಸುತ್ತು ತಿರುಗಿ, ರಬ್ಬರು ನೀರನ್ನು ಒರೆಸಿದ ಮೇಲಷ್ಟೇ ಹಿಡಿಯುತ್ತದೆ. ಆ ಖಾಲಿ ಕ್ಷಣದಲ್ಲಿ ಹೊಸಬರು ಗಾಬರಿಯಾಗಿ ಗಟ್ಟಿಯಾಗಿ ಅದುಮುತ್ತಾರೆ, ಅಷ್ಟರಲ್ಲಿ ರಬ್ಬರು ಕಚ್ಚಿಕೊಳ್ಳುತ್ತದೆ, ಚಕ್ರ ಜಾರುತ್ತದೆ. ಹಾಗಾಗಿ ತಿರುವಿಗೆ ತುಂಬಾ ಮೊದಲೇ ಎರಡೂ ಬ್ರೇಕನ್ನು ಮೆಲ್ಲಗೆ ಮುಟ್ಟಿ ರಿಮ್ ಒರೆಸಿಕೊಳ್ಳಿ. ಆಮೇಲೆ ನೆಟ್ಟಗಿನ ದಾರಿಯಲ್ಲೇ ವೇಗ ಪೂರ್ತಿ ಇಳಿಸಿ. ತಿರುವಿನ ಒಳಗೆ ಹೋದ ಮೇಲೆ ಬ್ರೇಕ್ ಬಿಟ್ಟು, ಹೊರಗಿನ ಕಾಲು ಕೆಳಗೆ ಒತ್ತಿ, ಕಣ್ಣು ತಿರುವಿನ ಕೊನೆಯಲ್ಲಿಟ್ಟು ಸುತ್ತಿ. ಎಡಬದಿ ಬಿಡಬೇಡಿ. ಮೇಲೆ ಬರುವ ಮಿನಿ ಬಸ್ಸಿಗೆ ತಿರುವಿನಲ್ಲಿ ಇಡೀ ರಸ್ತೆ ಬೇಕು. ಹಾರ್ನ್ ಕೇಳಿದರೆ ತಿರುವಿಗೆ ಮೊದಲೇ ನಿಂತು ದಾರಿ ಬಿಡಿ.

ರಸ್ತೆಯಲ್ಲಿ ಕಣ್ಣಿಡಬೇಕಾದ ಜಾಗಗಳು: ಬಿಳಿ ಬಣ್ಣದ ಪಟ್ಟಿ, ಒದ್ದೆ ಎಲೆ, ನೀರು ಜಿನುಗುವ ಕಡೆ ಕಟ್ಟಿದ ಪಾಚಿ, ಕಾಮನಬಿಲ್ಲಿನ ಬಣ್ಣದಲ್ಲಿ ಹೊಳೆಯುವ ಡೀಸೆಲ್. ಇವುಗಳ ಮೇಲೆ ತಿರುಗಿಸಲೂ ಬೇಡಿ, ಬ್ರೇಕೂ ಹಾಕಬೇಡಿ. ನೆಟ್ಟಗೆ ದಾಟಿ.

ಇಬ್ಬರ ನಡುವೆ ಮೂವತ್ತು ನಲವತ್ತು ಹೆಜ್ಜೆ ಅಂತರ ಬೇಕು. ಇಲ್ಲಿ ನಿಧಾನದವರು ಹಿಂದೆ ಬರಲಿ, ಯಾರೂ ಬೆನ್ನ ಹಿಂದೆ ಅವಸರ ಮಾಡಿದ ಹಾಗೆ ಆಗುವುದಿಲ್ಲ. ಮುಂದಿನವರು ಎರಡು ಮೂರು ತಿರುವಿಗೊಮ್ಮೆ ಅಗಲವಾದ ಜಾಗ ನೋಡಿ ನಿಂತು ಕಾಯಬೇಕು. ಆ ನಿಲುಗಡೆಯಲ್ಲಿ ಒಂದು ಪರೀಕ್ಷೆ ಮಾಡಿ: ಹೆಬ್ಬೆರಳನ್ನು ಕಿರುಬೆರಳಿಗೆ ಮುಟ್ಟಿಸಿ. ಆಗದಿದ್ದರೆ ಕೈಯನ್ನು ಕಂಕುಳಲ್ಲಿಟ್ಟು ಬಿಸಿ ಮಾಡಿಕೊಳ್ಳಿ. ಜೊತೆಗಾರರ ಮಾತು ತೊದಲುತ್ತಿದ್ದರೆ, ಕೇಳಿದ್ದಕ್ಕೆ ತಡವಾಗಿ ಉತ್ತರ ಬಂದರೆ, ಮೈ ಬಿಸಿ ಅಪಾಯದ ಮಟ್ಟಕ್ಕೆ ಇಳಿಯುತ್ತಿದೆ ಅಂತ ತಿಳಿಯಿರಿ. ಅಲ್ಲೇ ಒಣಬಟ್ಟೆ ಹಾಕಿಸಿ, ಸಿಹಿ ತಿನ್ನಿಸಿ, ಸಿಕ್ಕ ಗಾಡಿಗೆ ಕೈ ಅಡ್ಡ ಹಾಕಿ. ಈ ಹೊತ್ತಿಗೆ ಮಲ್ಪೆಗೆಂದು ಕಟ್ಟಿಟ್ಟ ಬಟ್ಟೆಯನ್ನೂ ಬಿಚ್ಚಬಹುದು.

ಕೋತಿಗಳು ರಸ್ತೆ ಬದಿಯಲ್ಲಿ ಕೂತಿರುತ್ತವೆ. ತಿಂಡಿ ಕಾಣುವ ಹಾಗೆ ಇಡಬೇಡಿ, ಕೊಡಲೂಬೇಡಿ.

ಸೋಮೇಶ್ವರ ದಾಟಿ ಹೆಬ್ರಿ: ಬಟ್ಟೆಯೂ ನೀರೂ ಬದಲಿಸಿ

ಕೆಳಗಿಳಿದು ಅರ್ಧ ಗಂಟೆಯಲ್ಲಿ ಬೇರೆಯದೇ ಲೋಕ. ಗಾಳಿ ಬೆಚ್ಚಗೆ, ದಪ್ಪ. ಸೋಮೇಶ್ವರದಲ್ಲಿ ಜಾಕೆಟ್ ಬಿಚ್ಚಿ, ಎದೆಯ ಪೇಪರ್ ತೆಗೆಯಿರಿ, ಎಸೆಯಬೇಡಿ. ಒಂದು ಬಟ್ಟೆಚೂರಿನಿಂದ ರಿಮ್ಮನ್ನೂ ಬ್ರೇಕ್ ಶೂವನ್ನೂ ಒರೆಸಿ. ಬೂದು ಬಣ್ಣದ ಗಸಿ ಬರುತ್ತದೆ, ಘಾಟಿಯಲ್ಲಿ ಸವೆದ ರಬ್ಬರೂ ಲೋಹವೂ ಅದರಲ್ಲಿದೆ. ಬ್ರೇಕ್ ಹಿಡಿ ಹ್ಯಾಂಡಲಿಗೆ ತಾಗುವಷ್ಟು ಸಡಿಲವಾಗಿದ್ದರೆ ತಂತಿಯ ತುದಿಯ ತಿರುಪನ್ನು ಒಂದೆರಡು ಸುತ್ತು ತಿರುಗಿಸಿ ಬಿಗಿ ಮಾಡಿ.

ಹೆಬ್ರಿಯಲ್ಲಿ ಊಟ. ಕುಚ್ಚಲಕ್ಕಿ ಅನ್ನ, ಸಾರು, ಮಜ್ಜಿಗೆ. ಇಲ್ಲಾ ಹೊತ್ತು ಮುಂಚೆ ಇದ್ದರೆ ಬನ್ಸು, ನೀರುದೋಸೆ. ಹೊಟ್ಟೆ ಬಿರಿಯ ತಿನ್ನಬೇಡಿ. ಬಾಟಲಿಗೆ ಓಆರ್‌ಎಸ್ ಬೆರೆಸಿ, ಇನ್ನು ಬೆವರುವುದು ಬೆಳಗಿನ ಎರಡರಷ್ಟು.

ಇಲ್ಲಿಂದ ಉಡುಪಿಗೆ ಮೂವತ್ತು ಚಿಲ್ಲರೆ ಕಿ.ಮೀ. ಪೆರ್ಡೂರು, ಹಿರಿಯಡ್ಕದ ಕಡೆ ಕೆಂಪು ಮಣ್ಣಿನ ಏರುತಗ್ಗು, ಪರ್ಕಳದಿಂದ ಮಣಿಪಾಲಕ್ಕೆ ಒಂದು ಏರು. ಘಾಟಿ ಮುಗಿಯಿತು ಅಂತ ನಿರಾಳವಾದವರನ್ನು ಈ ಏರು ಸುಸ್ತು ಮಾಡುತ್ತದೆ. ತಳ್ಳಿಕೊಂಡು ಹೋದರೂ ಪರವಾಗಿಲ್ಲ. ನಾನು ಎರಡು ಸಲ ತಳ್ಳಿದ್ದೇನೆ, ನಮ್ಮವರೂ ಇಳಿದು ಜೊತೆಗೆ ನಡೆದರು.

ಗುಡುಗು ಬಂದರೆ

ಮಿಂಚು ಕಂಡ ಕೂಡಲೇ ಎಣಿಸಲು ಶುರು ಮಾಡಿ. ಶಬ್ದ ಒಂದು ಕಿ.ಮೀ. ಬರಲು ಸುಮಾರು ಮೂರು ಸೆಕೆಂಡ್ ತೆಗೆದುಕೊಳ್ಳುತ್ತದೆ. ಮೂವತ್ತು ಎಣಿಸುವ ಮೊದಲೇ ಗುಡುಗಿದರೆ ಸಿಡಿಲು ಹತ್ತು ಕಿ.ಮೀ. ಒಳಗಿದೆ. ಸೈಕಲ್ ಬಿಟ್ಟು ಯಾವುದಾದರೂ ಗಟ್ಟಿ ಕಟ್ಟಡದ ಒಳಗೆ ಹೋಗಿ. ಅಂಗಡಿ, ಶಾಲೆ, ಯಾರದೋ ಮನೆ. ಕೇಳಿದರೆ ಯಾರೂ ಬೇಡ ಅನ್ನುವುದಿಲ್ಲ. ಮರದಡಿ ಮಾತ್ರ ಬೇಡ, ಒಂಟಿ ಮರದಡಿಯಂತೂ ಬೇಡವೇ ಬೇಡ. ನಾಲ್ಕು ಕಂಬದ ಬಸ್ ತಂಗುದಾಣ ಮಳೆಗೆ ಸಾಕು, ಸಿಡಿಲಿಗೆ ಸಾಲದು. ಕೊನೆಯ ಗುಡುಗಿನ ನಂತರ ಪೂರ್ತಿ ಅರ್ಧ ಗಂಟೆ ಕಾಯಿರಿ. ಏನಾದರೂ ಅನಾಹುತವಾದರೆ 112.

ಕಾಯುವಾಗ ಮೈ ತಣ್ಣಗಾಗುತ್ತದೆ, ಜಾಕೆಟ್ ಹಾಕಿಕೊಂಡೇ ಕೂರಿ. ಕತ್ತಲಾಗುವ ಹಾಗಿದ್ದರೆ ಹಿರಿಯಡ್ಕದಲ್ಲೋ ಮಣಿಪಾಲದಲ್ಲೋ ದಿನ ಮುಗಿಸಿ. ಮಲ್ಪೆಯ ಕಡಲು ನಾಳೆಯೂ ಅಲ್ಲೇ ಇರುತ್ತದೆ, ಅಲ್ವಾ?

ಮಲ್ಪೆ, ಮತ್ತು ಅವತ್ತಿನ ರಾತ್ರಿ

ಉಡುಪಿಯ ಗದ್ದಲ ದಾಟಿ ಆರು ಕಿ.ಮೀ. ಹೋದರೆ ಕಡಲು. ಎಲ್ಲಾ ಸರಿಯಾದರೆ ನಾಲ್ಕು ಗಂಟೆಗೆ ತಲುಪುತ್ತೀರಿ. ಸೈಕಲನ್ನು ಮರಳಿಗೆ ಇಳಿಸಬೇಡಿ. ಒದ್ದೆ ಚೈನಿಗೆ ಮರಳು ಮೆತ್ತಿದರೆ ಒಂದೇ ದಿನದಲ್ಲಿ ಹಾಳಾಗುತ್ತದೆ. ರಸ್ತೆ ಬದಿಯಲ್ಲಿ ಬೀಗ ಹಾಕಿ ಬರಿಗಾಲಲ್ಲಿ ಹೋಗಿ.

ರೂಮಿಗೆ ಬಂದ ಮೇಲೆ, ಎಷ್ಟೇ ಸುಸ್ತಾಗಿರಲಿ, ಒಬ್ಬರು ಸ್ನಾನ ಮಾಡುವ ಹೊತ್ತಿಗೆ ಇನ್ನೊಬ್ಬರು ಸೈಕಲ್ ನೋಡಲಿ. ಚಳಿ ಹತ್ತಿದವರಿಗೆ ಮೊದಲ ಸ್ನಾನ. ಸೈಕಲಿಗೆ ಸಿಹಿನೀರು ಸುರಿದು ಮಣ್ಣೂ ಉಪ್ಪೂ ತೊಳೆಯಿರಿ. ಚೈನನ್ನು ಬಟ್ಟೆಯಲ್ಲಿ ಹಿಡಿದು ಪೆಡಲ್ ಹಿಂದಕ್ಕೆ ತಿರುಗಿಸುತ್ತಾ ಒರೆಸಿ, ಒಣಗಿದ ಮೇಲೆ ಕೊಂಡಿಗೊಂದು ಹನಿ ಎಣ್ಣೆ ಬಿಡಿ. ಹೆಚ್ಚಾದ ಎಣ್ಣೆ ಒರೆಸಿ. ಬ್ರೇಕಿಗೂ ರಿಮ್ಮಿಗೂ ಒಂದು ಹನಿಯೂ ತಾಗಬಾರದು.

ಶೂ ಒಳಗಿನ ಅಟ್ಟೆ ಹೊರಗೆ ತೆಗೆದು, ಚೀಲದಲ್ಲಿ ಉಳಿದ ಒಣ ಪೇಪರನ್ನು ಉಂಡೆ ಮಾಡಿ ತುಂಬಿ ಫ್ಯಾನಿನ ಕೆಳಗಿಡಿ. ಒಂದು ಗಂಟೆಗೆ ಆ ಪೇಪರ್ ನೆನೆದಿರುತ್ತದೆ, ತೆಗೆದು ಬೇರೆಯದು ತುಂಬಿ ಮಲಗಿ. ಬೆಳಿಗ್ಗೆ ಕಾಲಿಟ್ಟರೆ ಒಣಗಿರುತ್ತದೆ.